ಕೋಗಿಲೆ ಕಾಟದ ಮಾವ

ಬಸ್ಸಿನ ಹಾರ್ನ್ ಕೇಳದಿದ್ದರೆ ನಿದ್ದೆ ಬಾರದ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ಅಂಥವರ ಮನೆಯಲ್ಲೇ ಇಪ್ಪತ್ತು ವರ್ಷ ಇದ್ದೆ. ಅವರು ನನ್ನ ಸೋದರಮಾವ!

ಮಾವನದು ಬನಶಂಕರಿಯಲ್ಲಿ ಮೇನ್ ರೋಡಿನ ಮೇಲೇ ಇರುವ ಮನೆ. ಎದುರಿಗೇ ಸಿಗ್ನಲ್. ಇದ್ದದ್ದು ಎರಡೇ ರೂಮು. ಮುಂದಿನದರ ಕಿಟಕಿ ರಸ್ತೆಗೆ, ಹಿಂದಿನದು ಹಿತ್ತಲ ಹೊಂಗೆಮರಕ್ಕೆ. ಬ್ರಹ್ಮಚಾರಿ ಮಾವ ಹಿಂದಿನ ರೂಮಿನಲ್ಲಿ ಆರಾಮಾಗಿದ್ದರು. ಜಯನಗರದ ಹೊಲಿಗೆ ಅಂಗಡಿಯಲ್ಲಿ ಕೆಲಸ ಸಿಕ್ಕಿ ನಾನು ಬಂದು ಮುಂದಿನ ರೂಮು ಸೇರಿದೆ. ಚಿಕ್ಕಂದಿನಿಂದ ನನಗೆ ಉಬ್ಬಸ. ವಾರದೊಳಗೆ ಎದೆಯಲ್ಲಿ ಕುಕ್ಕರ್ ಇಟ್ಟ ಹಾಗೆ ಸೀಟಿ! ಒಂದು ಬೆಳಿಗ್ಗೆ ನೋಡಿದರೆ ಮಾವ ಹಾಸಿಗೆ ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ.

"ಏಳೇ ಪುಟ್ಟಿ, ರೂಮು ಖಾಲಿ ಮಾಡು. ಹಿಂದುಗಡೆ ಕೋಗಿಲೆ ಕಾಟ. ನಿದ್ದೆನೇ ಬರಲ್ಲ."

"ಇಲ್ಲಿ ಬಸ್ಸಿನ ಕಾಟ ಇಲ್ವಾ ಮಾವ?"

"ಬಸ್ಸು ಪಾಪ, ಹಾರ್ನ್ ಹೊಡೆದು ಹೊರಟುಹೋಗುತ್ತೆ. ಕೋಗಿಲೆ ಹೋಗುತ್ತಾ?"

ಅಂದೇ ನಾನು ಹಿಂದಿನ ರೂಮಿಗೆ, ಮಾವ ಮುಂದಿನದಕ್ಕೆ. ಹಾಸಿಗೆ ಬದಲಾಯಿತು.

ಭಾನುವಾರ ಬಂತೆಂದರೆ ಮಾವನ ಗಾಳಿ ಪರೀಕ್ಷೆ. ಬಿಳಿ ಟವೆಲ್ ಒದ್ದೆ ಮಾಡಿ ತಮ್ಮ ಕಿಟಕಿಗೆ ಕಟ್ಟುವರು. ಸಂಜೆ ಅದನ್ನು ನೀರಿನಲ್ಲಿ ಅದ್ದಿ ಹಿಂಡಿ, ಆ ನೀರನ್ನು ಗಾಜಿನ ಲೋಟಕ್ಕೆ ಸುರಿದು ಬೆಳಕಿಗೆ ಹಿಡಿಯುವರು. "ಇವತ್ತು ಸೆಕೆಂಡ್ ಡಿಕಾಕ್ಷನ್!" ದೀಪಾವಳಿಯಲ್ಲಾದರೆ, "ಫಸ್ಟ್ ಡಿಕಾಕ್ಷನ್ ಕಣೇ, ಚಿಕೋರಿನೂ ಜಾಸ್ತಿ!" ಒಮ್ಮೆ ಪಕ್ಕದ್ಮನೆ ಆಂಟಿ ನಮಗೆಲ್ಲ ಕಾಫಿ ಮಾಡಿಕೊಡುತ್ತೇನೆಂದು ಅಡುಗೆಮನೆಗೆ ಹೋಗಿ, ಆ ಲೋಟಕ್ಕೇ ಹಾಲು ಬೆರೆಸಿಬಿಟ್ಟಿದ್ದರು. ಪುಣ್ಯಕ್ಕೆ ಸಕ್ಕರೆ ಹುಡುಕುತ್ತಿದ್ದಾಗ ಸಿಕ್ಕಿಬಿದ್ದರು!

ಸಾಯಂಕಾಲ ಗೇಟಿನಲ್ಲಿ ನಿಂತು ಸಿಗ್ನಲ್ಲಿನ ಗಾಡಿಗಳಿಗೆ ಉಪದೇಶ ಬೇರೆ.

"ಇಂಜಿನ್ ಆಫ್ ಮಾಡಪ್ಪಾ."

"ಯಾಕ್ ಅಂಕಲ್, ಗ್ಯಾಸ್ ನಿಮ್ದಾ?" ಎಂದ ಒಬ್ಬ ಆಟೋದವನು.

"ಗ್ಯಾಸ್ ನಿಂದೇ ಗುರು, ಹೊಗೆ ನಂದಲ್ವಾ!"

ಆಟೋದವನು ನಕ್ಕು ಆಫ್ ಮಾಡಿದ. ಆಮೇಲೆ ಅವನು ಆ ದಾರಿಯಲ್ಲಿ ಬಂದಾಗಲೆಲ್ಲ ಆಫ್ ಮಾಡಿ, "ಆಯ್ತಾ ಅಂಕಲ್?" ಎಂದು ಕೂಗುತ್ತಿದ್ದ. ಅಷ್ಟಕ್ಕೇ ಮಾವನಿಗೆ ಊರನ್ನೇ ಗೆದ್ದ ಖುಷಿ.

ಹೋಗ್ತಾ ಹೋಗ್ತಾ ಮಾವನಿಗೆ ಮೆಟ್ಟಿಲು ಹತ್ತಿದರೆ ಏದುಸಿರು. ಬಲವಂತದಿಂದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

"ದಿನಕ್ಕೆ ಎಷ್ಟು ಸಿಗರೇಟು?"

"ಡಾಕ್ಟ್ರೇ, ನಾನು ಅಡಿಕೆಪುಡಿನೂ ಬಾಯಿಗೆ ಹಾಕಿದವನಲ್ಲ!"

ಡಾಕ್ಟರು ಮನೆ ಎಲ್ಲಿ, ಮಲಗುವುದು ಎಲ್ಲಿ ಎಂದೆಲ್ಲ ಕೇಳಿದರು. ವರ್ಷಗಟ್ಟಲೆ ಗಾಡಿ ಹೊಗೆ ಎಳೆದುಕೊಂಡರೆ ಸಿಗರೇಟು ಮುಟ್ಟದವರ ಶ್ವಾಸಕೋಶವೂ ಹಾಳಾಗಬಹುದು, ಮೊದಲು ಆ ರೂಮು ಬಿಡಿ ಎಂದರು. ಹೊರಗೆ ಬಂದು ಮಾವ ಹೆಮ್ಮೆಯಿಂದ ಹೇಳಿದರು: "ನೋಡಿದ್ಯಾ? ಜೀವನಪೂರ್ತಿ ಬಿಟ್ಟಿ ಸಿಗರೇಟು!"

ನನಗೆ ನಗು ಬರಲಿಲ್ಲ. "ಇವತ್ತೇ ನೀವು ಹಿಂದಿನ ರೂಮಿಗೆ ಬನ್ನಿ" ಎಂದೆ.

"ಕೋಗಿಲೆ ಇನ್ನೂ ಅಲ್ಲೇ ಇದೆಯಲ್ಲೇ!"

ಅತ್ತು ಕರೆದೆ, ಜಗಳವಾಡಿದೆ, ಹಾಸಿಗೆಯನ್ನು ಎಳೆದುಕೊಂಡೂ ಬಂದೆ. ಮರುದಿನ ಅದು ವಾಪಸು ರಸ್ತೆ ಕಿಟಕಿಯ ಕೆಳಗೆ. ಇನ್‌ಹೇಲರ್ ಎಳೆದುಕೊಳ್ಳುತ್ತಲೇ ಮಾವ ಬಸ್ಸುಗಳನ್ನು ಎಣಿಸುತ್ತಿದ್ದರು.

ಈ ಬೇಸಿಗೆ ಶುರುವಾಗುವ ಹೊತ್ತಿಗೆ ಮಾವ ಹೊರಟುಹೋದರು. ಕಾರ್ಯ ಮುಗಿದು ನೆಂಟರೆಲ್ಲ ಹೋದ ಮೇಲೆ ಬಂದ ಭಾನುವಾರ, ಮನೆ ಬಿಕೋ ಎನ್ನುತ್ತಿತ್ತು. ಕೈ ಸುಮ್ಮನಿರಲಿಲ್ಲ. ಎರಡು ಬಿಳಿ ಟವೆಲ್ ಒದ್ದೆ ಮಾಡಿದೆ. ಒಂದನ್ನು ಅವರ ಕಿಟಕಿಗೆ ಕಟ್ಟಿದೆ, ಇನ್ನೊಂದನ್ನು ನನ್ನದಕ್ಕೆ. ನನ್ನ ಕಿಟಕಿಗೆ ಅವರು ಒಂದು ದಿನವೂ ಕಟ್ಟಿರಲಿಲ್ಲ.

ಸಂಜೆ ಎರಡನ್ನೂ ಹಿಂಡಿ ಎರಡು ಲೋಟಕ್ಕೆ ಸುರಿದೆ. ನನ್ನದು ತುಸು ಮಬ್ಬು, ಅಷ್ಟೆ. ಅವರದು ಫಸ್ಟ್ ಡಿಕಾಕ್ಷನ್.

ಹೊಂಗೆಮರದಲ್ಲಿ ಕೋಗಿಲೆ ಕೂಗಿತು. ನಾನು ಉದ್ದಕ್ಕೆ ಉಸಿರೆಳೆದುಕೊಂಡೆ. ಎದೆಯಲ್ಲಿ ಸೀಟಿ ಇರಲಿಲ್ಲ. ಮಾವನ ಲೋಟವನ್ನು ಬೆಳಕಿಗೆ ಹಿಡಿದೆ.

ಅದು ನಾನು ಕುಡಿಯಬೇಕಾಗಿದ್ದ ಲೋಟ.