ಬಗ್ಗಿ ಬರಬೇಕಾದ ಬಾಗಿಲು

1979ರ ದೀಪಾವಳಿ ಮುಗಿದ ಮರುವಾರ, ಪುಣೆಯ ಸದಾಶಿವ ಪೇಠೆಯ ನಮ್ಮ ಎರಡನೇ ಮಹಡಿಯ ಮನೆಯ ಹಾಲ್‌ನಿಂದ ಬೆತ್ತದ ಕುರ್ಚಿಗಳು, ಒಂದು ಆರಾಮಕುರ್ಚಿ ಮತ್ತು ಒಂದು ಕಬ್ಬಿಣದ ಮಂಚ ಹೊರಗೆ ಹೋದವು. ಹೊರಗೆ ಹಾಕಿದವನು ನಾನು. ಆಗ ನನ್ನ ಹೆಂಡತಿ ವತ್ಸಲಾ ಊರಿನಲ್ಲಿರಲಿಲ್ಲ. ಈ ಎರಡು ಸಂಗತಿಗಳನ್ನು ಒಟ್ಟಿಗೆ ಓದಿದರೆ ಮುಂದಿನದನ್ನು ಯಾವ ಸಂಸಾರಸ್ಥನಾದರೂ ಊಹಿಸಬಲ್ಲ. ಆದರೂ ವಿವರವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಸಿಟ್ಟು ಇನ್ನೂ ಇಳಿದಿಲ್ಲ.

ನಾನು ಪುಣೆಯ ಕ್ಯಾಂಪ್ ಬಡಾವಣೆಯ ಒಂದು ಇಂಗ್ಲಿಷ್ ದೈನಿಕದಲ್ಲಿ ಉಪಸಂಪಾದಕ. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದು, ಜಾಗ ಸಾಲದಿದ್ದರೆ ಕತ್ತರಿಸುವುದು ನನ್ನ ಕೆಲಸ. ಹೇಳಿದವರು ಯಾರು, ಕಣ್ಣಾರೆ ಕಂಡವರು ಯಾರು ಎಂದು ಕೇಳದೆ ಒಂದು ಸಾಲನ್ನೂ ಅಚ್ಚಿಗೆ ಬಿಟ್ಟವನಲ್ಲ. ಆಫೀಸಿನ ಈ ಶಿಸ್ತು ಮನೆಯ ಮೆಟ್ಟಿಲು ಹತ್ತುವಾಗ ಎಲ್ಲಿ ಉದುರಿಹೋಗುತ್ತದೆ ಎಂಬುದರ ತನಿಖೆ ನಡೆದಿದೆ.

ವತ್ಸಲಾ ಹುಬ್ಬಳ್ಳಿಗೆ ಹೋಗಿದ್ದು ಅವಳ ತಂದೆಯನ್ನು ಕರೆತರಲು. ಮಾವನವರು ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು. ಎತ್ತರದ ಆಳು, ನೆಟ್ಟಗಿನ ನಡಿಗೆ, ತಲೆಯ ಮೇಲೆ ಸದಾ ಕರಿಟೋಪಿ. ಮಗಳ ಮನೆಯಲ್ಲಿ ತಂದೆ ಉಣ್ಣಬಾರದು, ರಾತ್ರಿ ತಂಗಬಾರದು ಎಂಬುದು ಅವರ ಮನೆತನದ ಪದ್ಧತಿ. ನಮ್ಮ ಮದುವೆಯಾಗಿ ಹನ್ನೊಂದು ವರ್ಷ. ಪುಣೆಗೆ ಬಂದಾಗಲೆಲ್ಲ ಹಗಲಿಡೀ ನಮ್ಮಲ್ಲಿ ಕೂತು, ಚಹಾದ ಹೊರತು ಏನನ್ನೂ ಮುಟ್ಟದೆ, ಸಂಜೆಯಾದ ಕೂಡಲೇ ಸ್ಟೇಷನ್ನಿನ ತಂಗುಕೋಣೆಗೆ ಹೊರಡುತ್ತಿದ್ದರು. ವತ್ಸಲಾ ಅಂಗಲಾಚುವಳು, ಅಳುವಳು, ಆಮೇಲೆ ಎರಡು ದಿನ ನನ್ನ ಮೇಲೆ ಸಿಡುಕುವಳು. ಪದ್ಧತಿ ಮಾಡಿದವನು ನಾನಲ್ಲ, ಆದರೆ ಕೈಗೆ ಸಿಗುವವನು ನಾನೇ.

ಈಗ ಮಾವನವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಒಂದು ಕಣ್ಣಿಗೆ ಪುಣೆಯಲ್ಲಿ ಆಪರೇಷನ್ ಎಂದು ನಿಶ್ಚಯವಾಯಿತು. ಆಮೇಲೆ ತಿಂಗಳೊಪ್ಪತ್ತು ಆರೈಕೆ ಬೇಕು. ನಮ್ಮ ಮನೆಯಲ್ಲೇ ಇರಬೇಕೆಂದು ವತ್ಸಲಾ ಬರೆದಳು. ಅವರು ಈ ಸಲ ಹೂಂ ಅಂದರು. ಆ ಉತ್ತರವನ್ನು ಅವಳು ನನಗೆ ಓದಿ ಹೇಳಿದಳು, ನಾವು ಚಿಕ್ಕಮ್ಮನೆಂಬ ಹಾಗೆ ಕಾಕು ಎಂದು ಕರೆಯುವ ಕೆಳಗಿನ ಮನೆಯ ಗೋಡಬೋಲೆ ಕಾಕುವಿಗೆ ಮರಾಠಿಯಲ್ಲಿ ಓದಿ ಹೇಳಿದಳು, ತರಕಾರಿಯವಳಿಗೂ ಹೇಳಿದಳಂತೆ. ಅಪ್ಪನ ಮನಸ್ಸು ತಿರುಗುವ ಮೊದಲೇ ಕರೆತರುತ್ತೇನೆಂದು ಗಾಡಿ ಹತ್ತಿದಳು.

ಇಷ್ಟು ವರ್ಷಕ್ಕೆ ಮೊದಲ ಸಲ ಉಳಿಯಲು ಬರುವ ಮಾವನಿಗೆ ನಮ್ಮ ಹಾಲ್ ತಕ್ಕದ್ದಲ್ಲ ಎಂದು ನನಗೆ ಅನ್ನಿಸಿತು. ಅನ್ನಿಸಬಾರದಿತ್ತು. ಅನ್ನಿಸಲು ಕಾರಣ ಒಂದು ಲೇಖನ.

ಅದನ್ನು ನಮ್ಮ ಭಾನುವಾರದ ಪುರವಣಿಗೆ ಬರೆದವನು ಶಿರೀಷ ಎಂಬ ಒಳಾಂಗಣ ವಿನ್ಯಾಸಕ. ಬೆಳಗಾವಿಯ ಹುಡುಗ, ಪುಣೆಯಲ್ಲಿ ಓದಿದವನು, ಖಾದಿ ಜುಬ್ಬಾ, ಹೆಗಲಿಗೆ ಜೋಳಿಗೆ. ಕೋಣೆಯೆಂದರೆ ಸಾಮಾನು ಇಡುವ ಡಬ್ಬಿಯಲ್ಲ, ಅದಕ್ಕೊಂದು ಕಲ್ಪನೆ ಇರಬೇಕು, ಆ ಕಲ್ಪನೆ ಮನೆಯವರ ಸಂಸ್ಕೃತಿಯಿಂದ ಹುಟ್ಟಬೇಕು ಎಂದು ಬರೆದಿದ್ದ. ಓದಿ ನಾನು ತಲೆದೂಗಿದೆ. ಲೇಖನ ಉದ್ದವಾಗಿತ್ತು. ಪತ್ರಿಕೆಯಲ್ಲಿ ಜಾಗ ಸಾಲದಿದ್ದರೆ ಬಾಲದಿಂದ ಕತ್ತರಿಸುತ್ತೇವೆ. ಮುಖ್ಯವಾದದ್ದು ಮೊದಲೇ ಬಂದಿರುತ್ತದೆ, ಕೊನೆಯಲ್ಲಿ ಉಳಿಯುವುದು ಚೂರುಪಾರು ಎಂಬುದು ಸುದ್ದಿಮನೆಯ ಶ್ರದ್ಧೆ. ಕೊನೆಯ ಎರಡು ಪ್ಯಾರಾ ಒಂದು ಸೀರೆ ಅಂಗಡಿಯ ಜಾಹೀರಾತಿಗೆ ಜಾಗ ಬಿಟ್ಟುಕೊಟ್ಟವು. ಅವುಗಳನ್ನು ನಾನು ಓದಲೂ ಇಲ್ಲ. ಕತ್ತರಿಸುವುದನ್ನು ಓದುತ್ತ ಕೂತರೆ ಪತ್ರಿಕೆ ಹೊರಬರುವುದಿಲ್ಲ!

ಶಿರೀಷನನ್ನು ಕ್ಯಾಂಪಿನ ಇರಾನಿ ಹೋಟೆಲಿಗೆ ಕರೆದೆ. ಮಸ್ಕಾ ಪಾವ್ ಮುಗಿಯುವಷ್ಟರಲ್ಲಿ ನಮ್ಮ ಹಾಲ್‌ನ ಭವಿಷ್ಯ ತೀರ್ಮಾನವಾಯಿತು. ಆ ಕೋಣೆಯಲ್ಲಿ ಯಾರು ಇರುತ್ತಾರೆ ಎಂದು ಅವನು ಕೇಳಿದ್ದು ನಿಜ, ಅದನ್ನು ಮುಚ್ಚಿಡುವುದಿಲ್ಲ. ನಮ್ಮ ಮಾವನವರು ಬರುತ್ತಾರೆ, ಅಪ್ಪಟ ಹುಬ್ಬಳ್ಳಿ ಕಡೆಯ ಮನುಷ್ಯ, ನೆಲ ಬಿಟ್ಟು ಬೇರೆಲ್ಲೂ ಕೂಡುವವರಲ್ಲ ಎಂದೆ. ನನ್ನ ಕಣ್ಣ ಮುಂದೆ ಇದ್ದದ್ದು ಮದುವೆಯ ಫೋಟೋ. ಅದರಲ್ಲಿ ಅವರು ಚಕ್ಕಳಮಕ್ಕಳ ಹಾಕಿ ಮಣೆಯ ಮೇಲೆ ಕೂತು ನನ್ನ ಕೈಗೆ ಧಾರೆ ಎರೆಯುತ್ತಿದ್ದಾರೆ. ನಮ್ಮಲ್ಲಿಗೆ ಬಂದಾಗಲೆಲ್ಲ ಅವರು ಬೆತ್ತದ ಕುರ್ಚಿಯಲ್ಲೇ ಕೂತದ್ದು ನನಗೆ ನೆನಪಾಗಲಿಲ್ಲ. ಹನ್ನೊಂದು ವರ್ಷ ಹಳೆಯ ಆಧಾರದ ಮೇಲೆ ವರದಿ ಬರೆದು ತಂದ ವರದಿಗಾರನನ್ನು ನಾನು ಆಫೀಸಿನಲ್ಲಿ ನಿಲ್ಲಿಸಿ ಬೈಯುತ್ತೇನೆ. ಮನೆಯಲ್ಲಿ ಬೈಯುವ ಉಪಸಂಪಾದಕಿ ಹುಬ್ಬಳ್ಳಿಯಲ್ಲಿದ್ದಳು.

‘ನೆಲ’ ಎಂದ ಶಿರೀಷ. ಅದೇ ಕಲ್ಪನೆ. ಕಣ್ಣು ಮುಚ್ಚಿ ಮತ್ತೊಮ್ಮೆ ‘ನೆಲ’ ಎಂದ. ನಾನೂ ಮುಚ್ಚಿದೆ.

ಅಲ್ಲಿಂದ ಕೆಲಸ ಭರದಿಂದ ನಡೆಯಿತು. ನೆಲದ ಕಲ್ಪನೆಗೆ ಕಾಲುಳ್ಳ ಪೀಠೋಪಕರಣಗಳು ವಿರುದ್ಧವಂತೆ. ಹೀಗಾಗಿ ಕುರ್ಚಿ, ಮಂಚಗಳನ್ನು ಗೋಡಬೋಲೆ ಕಾಕುವಿಗೆ ಕೊಟ್ಟೆ. ಊರು ಬಿಡುತ್ತಿದ್ದೀರಾ ಎಂದು ಆಕೆ ಕೇಳಿದರು. ಸಂಸ್ಕೃತಿಗೆ ಮರಳುತ್ತಿದ್ದೇವೆ ಎಂದೆ. ಒಳ್ಳೆಯದು, ಆದರೆ ಮಂಚವನ್ನು ನಿಮ್ಮವರೇ ಕೆಳಗೆ ಇಳಿಸಿಕೊಡಲಿ ಎಂದರು. ಹಾಲ್‌ನಲ್ಲಿ ಗೋಡೆಯುದ್ದಕ್ಕೂ ತೆಳ್ಳನೆಯ ಗಾದಿ, ಒರಗಲು ಇಳಕಲ್ ಬಟ್ಟೆಯ ಲೋಡು, ಗೋಡೆಗೆ ಕೆಮ್ಮಣ್ಣಿನ ಬಣ್ಣ. ಬಲ್ಬಿಗೆ ಮಣ್ಣಿನ ಗಡಿಗೆಯ ಮುಸುಕು, ಬೆಳಕು ಸೋಸಿ ಬರಲೆಂದು. ಸೋಸಿದ ಮೇಲೆ ಹೆಚ್ಚು ಉಳಿಯಲಿಲ್ಲ.

ಕೊನೆಯದಾಗಿ ಬಾಗಿಲು. ಹಳೆಯ ವಾಡೆ ಮನೆಗಳ ಬಾಗಿಲುಗಳು ಗಿಡ್ಡ ಇರುತ್ತವೆ, ಬಂದವರು ತಲೆ ಬಾಗಿಸಿ ಒಳಗೆ ಬರಬೇಕು, ಮನೆಗೆ ಅದು ಮೊದಲ ನಮಸ್ಕಾರ ಎಂದು ಶಿರೀಷ ವಿವರಿಸಿದ. ನನ್ನ ಮೈ ಜುಮ್ಮೆಂದಿತು. ನಮ್ಮ ಮುಂಬಾಗಿಲ ಚೌಕಟ್ಟಿನೊಳಗೆ ಗೌಂಡಿಗಳು ಇಟ್ಟಿಗೆಯ ಕಮಾನು ಕಟ್ಟಿದರು. ಬಾಗಿಲು ನನ್ನ ಗದ್ದದ ಮಟ್ಟಕ್ಕೆ ಇಳಿಯಿತು, ಅಗಲವೂ ಒಂದು ಗೇಣು ಕುಗ್ಗಿತು. ನೋಡಲು ಮಣ್ಣಿನ ಹಾಗಿರಲಿ, ಒಳಗೆ ಮಾತ್ರ ಸಿಮೆಂಟು ಗಟ್ಟಿಯಾಗಿ ಹಾಕಿ ಎಂದು ತಾಕೀತು ಮಾಡಿದವನು ನಾನೇ. ಅವರು ತಾಕೀತನ್ನು ಪಾಲಿಸಿದರು. ಪುಣೆಯಲ್ಲಿ ನನ್ನ ಮಾತಿಗೆ ಅಷ್ಟು ಬೆಲೆ ಸಿಕ್ಕಿದ್ದು ಅದೊಂದೇ ಸಲ.

ಮೀರಜದಲ್ಲಿ ಗಾಡಿ ಬದಲಿಸಿ ಅಪ್ಪ, ಮಗಳು ಬೆಳಿಗ್ಗೆ ಬಂದಿಳಿದರು. ಮೆಟ್ಟಿಲು ಹತ್ತುವಾಗಲೇ ನಾನು ಗಮನಿಸಬೇಕಿತ್ತು. ಮಾವನವರು ಒಂದೊಂದು ಮೆಟ್ಟಿಲಿಗೂ ಮೊಣಕಾಲು ಹಿಡಿದು ನಿಲ್ಲುತ್ತಿದ್ದರು. ನಾನು ವತ್ಸಲಾಳ ಮುಖವನ್ನು ನೋಡುತ್ತಿದ್ದೆ, ಬಾಗಿಲು ಕಂಡಾಗ ಅದು ಹೇಗೆ ಅರಳುತ್ತದೋ ಎಂದು. ಅರಳಲಿಲ್ಲ. ಅದು ಇನ್ನೇನು ಆಗುತ್ತದೆ ಎಂದು ತಿಳಿಯುವ ಮೊದಲೇ ‘ಡಬ್’ ಎಂಬ ಸದ್ದು ಕೇಳಿಸಿತು.

ಪೊರೆ ಬಂದ ಕಣ್ಣಿಗೆ ಕಮಾನು ಕಾಣಲಿಲ್ಲ. ಹಣೆ ಬಡಿಯಿತು, ಟೋಪಿ ಹಾರಿ ಒಳಗೆ ಬಿತ್ತು. ನಮ್ಮ ಹೊಸ ಮನೆಯನ್ನು ಮೊದಲು ಪ್ರವೇಶಿಸಿದ್ದು ಆ ಟೋಪಿ.

ಮಾವನವರು ಹಣೆ ಸವರಿಕೊಳ್ಳುತ್ತ ಬಹಳ ಸಮಾಧಾನದಿಂದ ಕೇಳಿದರು. “ವತ್ಸಲಾ, ತಪ್ಪಿ ಬ್ಯಾರೆಯವರ ಮನಿಗೆ ಬಂದೇವೇನವ್ವಾ?”

ವತ್ಸಲಾ ನನ್ನನ್ನು ನೋಡಿದಳು. ಆಮೇಲೆ ಬಗ್ಗಿ ಒಳಗೆ ಹೋಗಿ ಟೋಪಿ ಎತ್ತಿಕೊಂಡಳು.

ಒಳಗೆ ಬಂದ ಮೇಲೆ ಕೂಡಿಸುವ ಕಾರ್ಯಕ್ರಮ. ನೆಲ ಬಿಟ್ಟು ಬೇರೆಲ್ಲೂ ಕೂಡದ ಮನುಷ್ಯ ಎಂದು ನಾನು ಜಾಹೀರು ಮಾಡಿದ್ದ ನಮ್ಮ ಮಾವ ನೆಲದ ಮೇಲೆ ಕೂತು ಐದಾರು ವರ್ಷವಾಗಿತ್ತಂತೆ. ಮೊಣಕಾಲು ಮಡಚುವುದಿಲ್ಲ. ಇದು ವತ್ಸಲಾಳಿಗೆ ಗೊತ್ತಿತ್ತು, ಹುಬ್ಬಳ್ಳಿಯ ಅರ್ಧ ಓಣಿಗೆ ಗೊತ್ತಿತ್ತು, ನನಗೂ ಹೇಳಿದ್ದಳಂತೆ. ನಾನು ಆಗ ಪತ್ರಿಕೆ ಓದುತ್ತಿದ್ದೆನಂತೆ.

ಕೊಟ್ಟ ಕುರ್ಚಿಯನ್ನು ಕಾಕುವಿನಿಂದ ವಾಪಸು ಕೇಳಲು ಮಾನ ಅಡ್ಡ ಬಂತು, ಆದರೂ ನಾನು ಧೈರ್ಯಗೆಡಲಿಲ್ಲ. ಮನೆಯಲ್ಲಿ ಹಳೆಯ ಪತ್ರಿಕೆಗಳ ಕಟ್ಟುಗಳಿಗೆ ಬರವಿರಲಿಲ್ಲ. ಕಟ್ಟಿನ ಮೇಲೆ ಕಟ್ಟು ಒಟ್ಟಿ, ಮೇಲೆ ಗಾದಿ ಹಾಸಿ, ಕುರ್ಚಿಯ ಎತ್ತರಕ್ಕೆ ಒಂದು ಸಿಂಹಾಸನ ಸಿದ್ಧಪಡಿಸಿದೆ. ಮಾವನವರು ಕೂತರು. ವತ್ಸಲಾ ಚಹಾ ತಂದು ಕೈಗೆ ಕೊಟ್ಟಳು. ಆಗ ಕೆಳಗಿನ ಕಟ್ಟಿನ ಹುರಿ ಬಿಚ್ಚಿತು. ಅರ್ಧ ವರ್ಷದ ಸಂಪಾದಕೀಯಗಳು ನಿಧಾನವಾಗಿ ಎಡಕ್ಕೆ ಜಾರತೊಡಗಿದವು, ಅವುಗಳ ಜೊತೆ ಮಾವನವರೂ. ರೈಲಿನಲ್ಲಿ ಜೀವಮಾನ ಕಳೆದವರಾದ್ದರಿಂದ ಚಹಾ ಚೆಲ್ಲದಂತೆ ಹಿಡಿದುಕೊಂಡೇ ವಾಲಿದರು. ಪೆಟ್ಟಾಗಲಿಲ್ಲ. ಆದರೆ ನೆಲದಿಂದ ಎಬ್ಬಿಸಲು ನಾನು, ವತ್ಸಲಾ, ಗೋಡಬೋಲೆ ಕಾಕು ಮೂವರೂ ಬೇಕಾದೆವು.

ಎದ್ದು ನಿಂತ ಮೇಲೆ ಅವರು ಮಗಳಿಗೆ ಹೇಳಿದರು. “ನಾಳೆ ಹೋಗೂದು ಇವತ್ತೇ ಆಸ್ಪತ್ರಿಗೆ ಹೋಗಿಬಿಡೋಣು. ಅಲ್ಲಿ ಮಂಚ ಅದ.”

ಆಸ್ಪತ್ರೆಗೆ ಒಂದು ದಿನ ಮುಂಚಿತವಾಗಿ, ಸಂತೋಷದಿಂದ ಸೇರಿಕೊಂಡ ರೋಗಿಯನ್ನು ಅಲ್ಲಿನ ನರ್ಸ್ ಅದೇ ಮೊದಲು ಕಂಡಿದ್ದಳಂತೆ.

ಆ ಸಂಜೆ ನಾನು ಶಿರೀಷನ ಕೋಣೆಗೆ ಹೋಗಿ ಬಾಯಿಗೆ ಬಂದದ್ದನ್ನು ಅಂದೆ. ಕೂಡಲು ಬಾರದ ಕೋಣೆ, ಹೊಗಲು ಬಾರದ ಬಾಗಿಲು, ಇದು ಯಾವ ಸೀಮೆಯ ವಿದ್ಯೆ ಎಂದು ಕೇಳಿದೆ. ನನ್ನ ದನಿ ಏರಿತ್ತು. ಅವನು ಪೆನ್ಸಿಲ್ ಕೆತ್ತುತ್ತ ಎಲ್ಲವನ್ನೂ ಕೇಳಿಸಿಕೊಂಡ.

“ಸರ, ಕಲ್ಪನೆ, ಸಂಸ್ಕೃತಿ ಆದಮ್ಯಾಲೆ ಮೂರನೇದು ಒಂದಿತ್ತಲ್ರಿ ನನ್ನ ಲೇಖನದಾಗ. ಮನುಷ್ಯಾರ ಅನುಭವ. ಕೂಡೋರ ಮೊಣಕಾಲು ಹೆಂಗವ, ಕಣ್ಣು ಹೆಂಗವ, ಮೊದಲ ಅವರನ್ನ ಕೇಳ್ರಿ, ಆಮ್ಯಾಲೆ ಗೋಡಿ ಮುಟ್ಟ್ರಿ ಅಂತ ಕಡೀ ಎರಡು ಪ್ಯಾರಾದಾಗ ಬರೆದಿದ್ದೆ. ನೀವು ಅದನ್ನ ಹಾಕಲೇ ಇಲ್ಲ.”

“ಜಾಗ ಇರಲಿಲ್ಲ” ಎಂದೆ.

“ಹೌದ್ರಿ. ಮತ್ತ ನಾ ನಿಮ್ಮನ್ನ ಬಾಯಿಲೆ ಕೇಳಿದೆ. ಮಾವ ನೆಲದ ಮನುಷ್ಯಾ ಅಂದ್ರಿ.”

ತಪ್ಪು ಮಾಡಿದವರ ಮೇಲೆ ಬರುವ ಸಿಟ್ಟಿಗೆ ಒಂದು ಕೊನೆಯಿದೆ, ಬೈದರೆ ತೀರುತ್ತದೆ. ಸರಿಯಾಗಿರುವವರ ಮೇಲೆ ಬರುವ ಸಿಟ್ಟಿಗೆ ದಾರಿಯೇ ಇಲ್ಲ. ಅದು ಹೊಟ್ಟೆಯಲ್ಲೇ ಇರುತ್ತದೆ. ನಾನು ಅವನ ಕೋಣೆಯ ಬಾಗಿಲನ್ನು ಧಡಾರನೆ ಎಳೆದುಕೊಂಡು ಹೊರಬಂದೆ. ಆ ಬಾಗಿಲು ಮಾತ್ರ ಎತ್ತರವಾಗಿ, ಅಗಲವಾಗಿ, ಚೆನ್ನಾಗಿತ್ತು!

ಆಪರೇಷನ್ ಚೆನ್ನಾಗಿ ಆಯಿತು. ಮನೆಗೆ ಕಳಿಸುವ ದಿನ ಡಾಕ್ಟರು ನಮ್ಮನ್ನು ಕೂರಿಸಿಕೊಂಡು ತಿಳಿಹೇಳಿದರು. ಭಾರ ಎತ್ತಬಾರದು, ಜೋರಾಗಿ ಕೆಮ್ಮಬಾರದು, ಮತ್ತು ಮುಖ್ಯವಾಗಿ, ಹೊಲಿಗೆ ಕೂಡಿಕೊಳ್ಳುವವರೆಗೆ ಯಾವ ಕಾರಣಕ್ಕೂ ತಲೆ ಬಗ್ಗಿಸಬಾರದು. ವತ್ಸಲಾ ಡಾಕ್ಟರನ್ನು ಬಿಟ್ಟು ನನ್ನ ಕಡೆ ತಿರುಗಿದಳು. ನಾನು ಗೋಡೆಯ ಮೇಲಿದ್ದ ಕಣ್ಣಿನ ಚಿತ್ರವನ್ನು ಆಸಕ್ತಿಯಿಂದ ನೋಡತೊಡಗಿದೆ.

ಕಮಾನು ಒಡೆಸಲು ಹಿಂದಿನ ದಿನವೇ ಗೌಂಡಿಯನ್ನು ಕರೆಸಿದ್ದೆ. ಅವನು ತಟ್ಟಿ ನೋಡಿ, ಒಡೆದರೆ ಮೇಲಿನ ತೊಲೆಯೂ ಬಿರುಕು ಬಿಡುತ್ತದೆ, ಮನೆ ಮಾಲೀಕರ ಒಪ್ಪಿಗೆ ತನ್ನಿ ಎಂದ. ಕಮಾನು ಕಟ್ಟಲು ಒಪ್ಪಿಗೆ ಕೇಳಿದ್ದಿರಾ ಎಂದು ಮಾಲೀಕರು ಕೇಳಿದರು. ಮಾತುಕತೆ ಅಲ್ಲಿಗೆ ನಿಂತಿತು.

ರಿಕ್ಷಾ ನಮ್ಮ ಕಟ್ಟಡದ ಮುಂದೆ ನಿಂತಾಗ ಗೋಡಬೋಲೆ ಕಾಕು ಹೊರಗೇ ನಿಂತಿದ್ದರು. ಯಾರನ್ನೂ ಕೇಳದೆ ಮಾವನವರ ಕೈ ಹಿಡಿದು ತಮ್ಮ ಮನೆಯೊಳಕ್ಕೆ ಕರೆದೊಯ್ದರು. ಅಲ್ಲಿ ನಮ್ಮದೇ ಕಬ್ಬಿಣದ ಮಂಚ, ಕಿಟಕಿಯ ಪಕ್ಕ ನಮ್ಮದೇ ಆರಾಮಕುರ್ಚಿ. ಮಾವನವರು ನೆಟ್ಟಗೆ ನಡೆದು ಹೋಗಿ ನೆಟ್ಟಗೆ ಕೂತರು. ಮಗಳ ಮನೆಯಲ್ಲದ್ದರಿಂದ ಅಲ್ಲಿ ಉಣ್ಣಲು, ಮಲಗಲು ಪದ್ಧತಿಯ ಅಡ್ಡಿಯೂ ಇರಲಿಲ್ಲ. ಕಾಕು ಮಾಡಿದ ವರಣ, ಭಾತ್, ಅಂದರೆ ತೊವ್ವೆ, ಅನ್ನ, ಎರಡು ಸಲ ಹಾಕಿಸಿಕೊಂಡರಂತೆ.

ರಾತ್ರಿ ಊಟಕ್ಕೆ ಮೇಲೆ ಬಂದ ವತ್ಸಲಾ ಕಮಾನಿನ ಕೆಳಗೆ ಬಗ್ಗಿ, ಒಳಗೆ ಬಂದು ನಿಂತಳು. ಅವಳು ಜಗಳಕ್ಕೆ ಬಂದಿದ್ದರೆ ನಾನು ತಯಾರಿದ್ದೆ.

“ನಮ್ಮಪ್ಪ ಹೂಂ ಅನ್ನಲಿಕ್ಕೆ ಹನ್ನೊಂದು ವರ್ಷ ಹಿಡೀತು. ಮನಿ ಹೆಂಗಿದ್ರೂ ನಡೀತಿತ್ತರಿ ಅವರಿಗೆ. ಬಾಗಿಲಾ ಒಂದು ಬೇಕಾಗಿತ್ತು. ನೀವು ಅದನ್ನ ಸಣ್ಣದು ಮಾಡಿ ಕೂತ್ರಿ.”

ಇದರಲ್ಲಿ ಕತ್ತರಿಸಬಹುದಾದ ಪದ ಒಂದೂ ಇರಲಿಲ್ಲ.

ಆಮೇಲಿನ ದಿನಗಳಲ್ಲಿ ಅವಳು ಬೆಳಿಗ್ಗೆ ಕೆಳಗಿಳಿದರೆ ಕತ್ತಲಾದ ಮೇಲೆ ಹತ್ತಿ ಬರುತ್ತಿದ್ದಳು. ಮಾವನವರು ಕಾಕುವಿನ ಯಜಮಾನರಿಗೆ ಹಳೆಯ ರೈಲುಗಳ ಕಥೆ ಹೇಳುವುದು, ಅವರು ನಗುವುದು ನನಗೆ ಮೇಲಿನವರೆಗೂ ಕೇಳಿಸುತ್ತಿತ್ತು. ನಾನು ಗಡಿಗೆಯ ಕೆಳಗೆ, ಲೋಡಿಗೆ ಒರಗಿ, ಸಂಸ್ಕೃತಿಯ ನಡುವೆ ಒಬ್ಬನೇ ಕೂತಿರುತ್ತಿದ್ದೆ. ಕಾಲು ಜೋಮು ಹಿಡಿಯುತ್ತಿತ್ತು. ಒಮ್ಮೆ ಪುರವಣಿಯ ಸಂಪಾದಕರು ನೋಡಲು ಬಂದು ಹಣೆ ಬಡಿಸಿಕೊಂಡು ಹೋದರು. ಹಾಲ್‌ನ ಬಗ್ಗೆ ಈವರೆಗೆ ಬೇರೆ ಅಭಿಪ್ರಾಯ ವ್ಯಕ್ತವಾಗಿಲ್ಲ.

ಕಳೆದ ವಾರ ಮಾವನವರಿಗೆ ದಪ್ಪ ಗಾಜಿನ ಕನ್ನಡಕ ಬಂತು. ಅಳಿಯನ ಮನೆಯನ್ನು ಒಮ್ಮೆ ಕಣ್ಣಾರೆ ನೋಡುತ್ತೇನೆಂದು ಮಗಳ ಭುಜ ಹಿಡಿದು ಮೆಟ್ಟಿಲು ಹತ್ತಿ ಬಂದರು. ಡಾಕ್ಟರು ಇನ್ನೂ ಬಗ್ಗಲು ಬಿಟ್ಟಿರಲಿಲ್ಲ. ಎದುರಿನ ಗೋಡೆಗೆ ಬೆನ್ನು ಹಚ್ಚಿ, ದೂರದಿಂದಲೇ ಕಮಾನಿನ ಮೂಲಕ ಒಳಗೆ ನೋಡಿದರು. ಅಲ್ಲಿಂದ ಕಾಣುವುದು ನೆಲ ಮಾತ್ರ. ಬಹಳ ಹೊತ್ತು ನೋಡಿ, ಕನಿಕರದಿಂದ ನನ್ನನ್ನು ಕೇಳಿದರು. “ಸಾಮಾನು ಇನ್ನೂ ಬಂದಿಲ್ಲೇನ್ರಿ?”

ಅವರು ಸೋಮವಾರದ ಗಾಡಿಗೆ ಹುಬ್ಬಳ್ಳಿಗೆ ಹೊರಟರು. ಪುಣೆಯಲ್ಲಿದ್ದ ಅಷ್ಟೂ ದಿನಗಳಲ್ಲಿ ಒಂದು ರಾತ್ರಿಯೂ ನಮ್ಮ ಮನೆಯಲ್ಲಿ ಮಲಗಲಿಲ್ಲ. ವತ್ಸಲಾ ಅವರ ಜೊತೆ ಹೋಗಿದ್ದಾಳೆ. ಈ ಬರಹ ಅಚ್ಚಿಗೆ ಹೋಗುವ ಹೊತ್ತಿನವರೆಗೆ ಅವಳು ಹಿಂದಿರುಗಿಲ್ಲ.