ದೇವಸಮುದ್ರಕ್ಕೆ ಸೊನ್ನೆ ಹೋಳಿಗೆ

ಅನ್ನಪೂರ್ಣಮ್ಮ: ಸೊನ್ನೆ ಅಂತ ಬರೆಯೋಕೆ ನಿಮಗೆ ಕೈಯಾದ್ರೂ ಹೆಂಗೆ ಬಂತು?

ಓಂಕಾರಮೂರ್ತಿ: ನಾನು ಬರೀಲಿಲ್ಲ ಕಣೇ. ಅದೇ ಬರಕೊಂಡೈತೆ.

ಅನ್ನಪೂರ್ಣಮ್ಮ: ಚಳ್ಳಕೆರೆಗೆ ಇನ್ನೂರ ನಲವತ್ತು ಹೋಳಿಗೆ. ನಿಮ್ಮ ತಂಗಿ ಊರು ರಾಂಪುರಕ್ಕೆ ಐದು ಸಾವಿರದ ನಾನೂರು. ನನ್ನ ತವರು ದೇವಸಮುದ್ರಕ್ಕೆ ಸೊನ್ನೆ. ಕಂಪ್ಯೂಟರಿಗೂ ಗೊತ್ತಾಗಿಬಿಡ್ತಾ ಯಾರು ಯಾವ ಕಡೆಯವರು ಅಂತ?

ಗಂಡ ಹೆಂಡತಿ ಚಳ್ಳಕೆರೆಯ ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದರು. ಮೊಳಕಾಲ್ಮೂರಿನಲ್ಲಿ ಮೇಷ್ಟ್ರಾಗಿರುವ ಮಗ ಮಹಾಂತೇಶ ಅಲ್ಲೇ ಮನೆ ಕಟ್ಟಿಸಿದ್ದ. ನಾಡಿದ್ದು ಗೃಹಪ್ರವೇಶ. ಯಾವ ಊರಿಂದ ಎಷ್ಟು ಜನ ಎಂಬ ಪಟ್ಟಿಯ ಫೈಲನ್ನು ಮಗ ಕಳಿಸಿದ್ದ. ಅದಕ್ಕೆ ಜೋಡಿಸಿ ಹೋಳಿಗೆಯ ಪಟ್ಟಿ ಮಾಡುವ ಕೆಲಸವನ್ನು ಅಪ್ಪ ತಾನಾಗಿಯೇ ಮೈಮೇಲೆ ಎಳೆದುಕೊಂಡಿದ್ದ. ಚಳ್ಳಕೆರೆಯಲ್ಲಿ ಮೂವತ್ತು ವರ್ಷ ಪೈಪು, ಮೋಟಾರು ಮಾರಿದವನು ಈ ವರ್ಷ ಒಂದು ತಿಂಗಳು ಕಂಪ್ಯೂಟರ್ ತರಗತಿಗೆ ಹೋಗಿ ಬಂದಿದ್ದ. ಕಲಿತದ್ದನ್ನು ಮನೆಯವರಿಗೆ ತೋರಿಸದಿದ್ದರೆ ಊಟ ಸೇರುತ್ತಿರಲಿಲ್ಲ. ಪಟ್ಟಿಯನ್ನು ಅಡುಗೆಯ ಚಿಕ್ಕಬಸಪ್ಪನಿಗೆ ಕಳಿಸಿ ಸುಮ್ಮನಿದ್ದರೆ ಚೆನ್ನಾಗಿತ್ತು. ನೆಂಟರ ವಾಟ್ಸಾಪ್ ಗುಂಪಿಗೂ ಹಾಕಿದ್ದ.

ಅನ್ನಪೂರ್ಣಮ್ಮ: ನನ್ನ ತಮ್ಮ ಅಜ್ಜಪ್ಪ ಏನು ಬರೆದವನೆ ಓದ್ಲಾ? ‘ಅಕ್ಕ, ನಾವು ಇಪ್ಪತ್ತೈದು ಜನ ಬುತ್ತಿ ಕಟ್ಕೊಂಡು ಬರ್ತೀವಿ. ಕೈ ತೊಳೆಯೋಕೆ ನೀರು ಕೊಡ್ತೀರೋ, ಅದೂ ನಾವೇ ತರಬೇಕೋ ಕೇಳು.’

ಓಂಕಾರಮೂರ್ತಿ: ತಮಾಷೆಗೆ ಬರೆದವನೆ ಬಿಡು.

ಅನ್ನಪೂರ್ಣಮ್ಮ: ಅವನು ತಮಾಷೆ ಮಾಡಿದ್ದು ನಮ್ಮ ಮದುವೇಲಿ ಒಂದೇ ಸಲ. ಸೋದರಮಾವ ಬರದೇ ಮಗ ಹೊಸಿಲು ದಾಟ್ತಾನಾ? ಹೇಳಿಬಿಡ್ತೀನಿ ಕೇಳ್ರಿ, ಅವನು ಬರದಿದ್ರೆ ನಾನೂ ಬರಲ್ಲ. ನೀವೂ ನಿಮ್ಮ ತಂಗೀನೂ ಕೂತ್ಕೊಂಡು ಐದು ಸಾವಿರದ ನಾನೂರು ತಿನ್ರಿ.

ಅಷ್ಟರಲ್ಲಿ ಫೋನು ಬಂತು. ಚಿಕ್ಕಬಸಪ್ಪ.

ಚಿಕ್ಕಬಸಪ್ಪ: ಸಾವ್ಕಾರ್ರೇ, ಒಂದು ಮಾತು. ರಾಂಪುರದೋರು ಉಪವಾಸಗಿಪವಾಸ ಏನಾದ್ರೂ ಇದ್ದಾರಾ?

ಓಂಕಾರಮೂರ್ತಿ: ತಪ್ಪಾಗೈತೆ ಕಣಪ್ಪ. ಸರಿ ಮಾಡಿ ಕಳಿಸ್ತೀನಿ.

ಚಿಕ್ಕಬಸಪ್ಪ: ಬೇಗ ಕಳಿಸ್ರಿ. ಹನ್ನೆರಡಕ್ಕೆ ಬೇಳೆ, ಬೆಲ್ಲ ತರೋಕೆ ಹೋಗ್ತೀನಿ. ಅಷ್ಟರಲ್ಲಿ ಬರ್ಲಿಲ್ಲ ಅಂದ್ರೆ ಕೈಯಾಗಿರೋ ಪಟ್ಟೀನೇ ನಂಗೆ ಪಟ್ಟಿ.

ಗೋಡೆ ಗಡಿಯಾರದಲ್ಲಿ ಹನ್ನೊಂದೂವರೆ. ಓಂಕಾರಮೂರ್ತಿ ಕನ್ನಡಕ ಏರಿಸಿಕೊಂಡು ಪರದೆಗೆ ಮೂಗು ತಾಗುವಷ್ಟು ಬಗ್ಗಿದ.

ಓಂಕಾರಮೂರ್ತಿ: ಸಿಕ್ತು. ಇಲ್ಲಿ ನೋಡು. ತಲೆಗೆ ಎರಡು ಹೋಳಿಗೆ ಅಂತ ಈ ಚೌಕದಲ್ಲಿ ಬರೆದೆ. ಚಳ್ಳಕೆರೆ ಲೆಕ್ಕಕ್ಕೆ ಒಂದು ಸೂತ್ರ ಹಾಕಿ ಅದನ್ನೇ ಕೆಳಗಿನ ಊರುಗಳಿಗೂ ಎಳೆದೆ. ನಾನು ಎಳೆದಂಗೆಲ್ಲ ಅದು ಎರಡನ್ನ ಬಿಟ್ಟು ಒಂದೊಂದು ಚೌಕ ಕೆಳಗೆ ಇಳಕೊಂಡು ಹೋಗೈತೆ.

ಅನ್ನಪೂರ್ಣಮ್ಮ: ಎರಡರ ಕೆಳಗೆ ಏನಿತ್ತು?

ಓಂಕಾರಮೂರ್ತಿ: ಬಸ್ಸಿನ ಸೀಟು ನಲವತ್ತೈದು ಅಂತ ಗುರುತು ಹಾಕ್ಕೊಂಡಿದ್ದೆ. ರಾಂಪುರದೋರಿಗೆ ತಲೆಗೆ ನಲವತ್ತೈದು ಹೋಳಿಗೆ ಬಿತ್ತು.

ಅನ್ನಪೂರ್ಣಮ್ಮ: ಅದರ ಕೆಳಗೆ?

ಓಂಕಾರಮೂರ್ತಿ: ಖಾಲಿ.

ಅನ್ನಪೂರ್ಣಮ್ಮ: ಆ ಖಾಲಿ ಜಾಗಕ್ಕೆ ನಮ್ಮೂರೇ ಸಿಕ್ತಾ?

ಓಂಕಾರಮೂರ್ತಿ: ಊರಿನ ಮಾತಲ್ಲ ಕಣೇ, ಸಾಲಿನ ಮಾತು. ಮೂರನೇ ಸಾಲಿಗೆ ಯಾರನ್ನ ಹಾಕಿದ್ರೂ ಸೊನ್ನೇನೇ.

ಅನ್ನಪೂರ್ಣಮ್ಮ: ನಮ್ಮೂರನ್ನ ಮೂರನೇ ಸಾಲಿಗೆ ಹಾಕಿದ್ದು ಯಾರು?

ಅದಕ್ಕೆ ಯಾವ ತರಗತಿಯಲ್ಲೂ ಉತ್ತರ ಹೇಳಿಕೊಟ್ಟಿರಲಿಲ್ಲ. ಅವನು ಕೀಲಿಮಣೆಯ ಕಡೆ ತಿರುಗಿದ.

ಓಂಕಾರಮೂರ್ತಿ: ಎರಡು ಇರೋ ಚೌಕದ ಹೆಸರಿಗೆ ಈ ಡಾಲರ್ ಗುರುತು ಹಾಕಿದ್ರೆ ಮುಗೀತು. ಎಷ್ಟು ಎಳೆದ್ರೂ ಸೂತ್ರ ಆ ಚೌಕ ಬಿಟ್ಟು ಕದಲಲ್ಲ. ಗೂಟಕ್ಕೆ ಕಟ್ಟಿದಂಗೆ.

ಅನ್ನಪೂರ್ಣಮ್ಮ: ಎರಡು ಹೋಳಿಗೆ ಕಾಯೋಕೆ ಡಾಲರ್ ಬೇಕಾ?

ಓಂಕಾರಮೂರ್ತಿ: ಅದು ಬರೀ ಗುರುತು. ನೋಡು ಈಗ ಎಳೀತೀನಿ.

ಎಳೆದ. ಚಳ್ಳಕೆರೆ ಇನ್ನೂರ ನಲವತ್ತು. ರಾಂಪುರ ಇನ್ನೂರ ನಲವತ್ತು. ದೇವಸಮುದ್ರ ಇನ್ನೂರ ನಲವತ್ತು. ಅನ್ನಪೂರ್ಣಮ್ಮ ಮೂರನೇ ಸಾಲನ್ನು ಎರಡು ಸಲ ಓದಿದಳು. ಮದುವೆಯಾಗಿ ಇಷ್ಟು ವರ್ಷಕ್ಕೆ ಗಂಡನ ಲೆಕ್ಕದಲ್ಲಿ ತನ್ನ ತವರು ನಾದಿನಿಯ ಸಮಕ್ಕೆ ನಿಂತದ್ದು ಇದೇ ಮೊದಲು. ಅವಳಿಗೆ ನಿಜಕ್ಕೂ ಸಂತೋಷವಾಯಿತು.

ಅನ್ನಪೂರ್ಣಮ್ಮ: ಈಗ ನ್ಯಾಯವಾಗೈತೆ ನೋಡ್ರಿ.

ಓಂಕಾರಮೂರ್ತಿ: ತಡಿ, ಇದೂ ತಪ್ಪು. ನಿಮ್ಮೂರಿಂದ ಬರೋದು ಇಪ್ಪತ್ತೈದು ಜನ. ಐವತ್ತು ಬರಬೇಕಿತ್ತು.

ಅನ್ನಪೂರ್ಣಮ್ಮ: ನಮ್ಮೂರಿಗೆ ಬಂದ ಕೂಡ್ಲೆ ತಪ್ಪಾಯ್ತಾ?

ಓಂಕಾರಮೂರ್ತಿ: ಅಯ್ಯೋ, ಈ ಜನದ ಲೆಕ್ಕ ಮಹಾಂತೇಶನ ಫೈಲಿಂದ ತಗೊಂಡಿದ್ದು. ಬೇರೆ ಫೈಲಿನ ಚೌಕ ಮುಟ್ಟಿದ್ರೆ ಡಾಲರ್ ತಾನಾಗೇ ಬಂದು ಕೂರ್ತೈತೆ. ಅದಕ್ಕೇ ಮೂರೂ ಊರಿಗೂ ಚಳ್ಳಕೆರೆಯ ನೂರಿಪ್ಪತ್ತು ಜನಾನೇ ಬಿದ್ದವರೆ. ಅಲ್ಲಿ ಹಾಕಬೇಕು, ಇಲ್ಲಿ ತೆಗೀಬೇಕು.

ಅನ್ನಪೂರ್ಣಮ್ಮ: ತಾನಾಗೇ ಬಂದು ಕೂತಿರೋದನ್ನ ಯಾಕೆ ಎಬ್ಬಿಸ್ತೀರ?

ಓಂಕಾರಮೂರ್ತಿ: ಹೋಳಿಗೆ ಉಳೀತಾವೆ ಕಣೇ.

ಅನ್ನಪೂರ್ಣಮ್ಮ: ಉಳೀಲಿ. ಬುತ್ತಿ ತರ್ತೀವಿ ಅಂದೋರ ಕೈಗೆ ಬುತ್ತಿ ಕಟ್ಟಿ ಕಳಿಸ್ತೀನಿ.

ಅವನು ಡಾಲರ್ ಹುಡುಕುತ್ತಿರುವಾಗಲೇ ಅವಳು ಪರದೆಯ ಫೋಟೋ ಹೊಡೆದು ಚಿಕ್ಕಬಸಪ್ಪನಿಗೂ ನೆಂಟರ ಗುಂಪಿಗೂ ಕಳಿಸಿಯಾಗಿತ್ತು. ಗಂಡನ ಕಂಪ್ಯೂಟರ್ ವಿದ್ಯೆಗಿಂತ ಹೆಂಡತಿಯ ಫೋನಿನ ವಿದ್ಯೆ ಚುರುಕು. ಎರಡೇ ನಿಮಿಷಕ್ಕೆ ಅಜ್ಜಪ್ಪನ ಉತ್ತರ ಬಂತು. ಅವಳು ಗಂಡನಿಗೆ ಕೇಳಲೆಂದೇ ಗಟ್ಟಿಯಾಗಿ ಓದಿದಳು.

ಅನ್ನಪೂರ್ಣಮ್ಮ: ‘ಭಾವ, ಇನ್ನೂರ ನಲವತ್ತು ಹೋಳಿಗೆ ಮಾಡಿಸೋ ಮನಸ್ಸು ನಿಮ್ಮದಾದ್ರೆ ನಾವು ಬರೀ ಇಪ್ಪತ್ತೈದು ಜನ ಬರೋದು ಮರ್ಯಾದೆ ಅಲ್ಲ. ಬೀದಿಯೋರನ್ನೂ ಕರ್ಕೊಂಡು ನೂರಿಪ್ಪತ್ತು ಜನ ಬರ್ತೀವಿ. ಮೂರು ಬಸ್ಸು ಹೇಳೀನಿ.’

ಓಂಕಾರಮೂರ್ತಿ: ನೂರಿಪ್ಪತ್ತಾ?

ಅನ್ನಪೂರ್ಣಮ್ಮ: ನಿಮ್ಮ ಲೆಕ್ಕದಲ್ಲಿ ತಪ್ಪೇ ಇಲ್ಲ ಕಣ್ರಿ. ಜನ ಮಾತ್ರ ಸ್ವಲ್ಪ ತಡವಾಗಿ ಬಂದ್ರು.

ಓಂಕಾರಮೂರ್ತಿ ಕೀಲಿಮಣೆಯಿಂದ ಕೈ ತೆಗೆದ. ಇನ್ನು ಆ ಡಾಲರನ್ನು ಕೀಳುವ ಧೈರ್ಯ ಅವನಿಗಿರಲಿಲ್ಲ. ಆಗ ಅವನ ಫೋನು ಸಣ್ಣಗೆ ಸದ್ದು ಮಾಡಿತು. ರಾಂಪುರದ ತಂಗಿ ಮಂಗಳಗೌರಿ, ಗುಂಪಿಗಲ್ಲ, ಅವನೊಬ್ಬನಿಗೇ ಬರೆದಿದ್ದಳು.

‘ಅಣ್ಣ, ಬೆಳಿಗ್ಗೆ ನಮಗೆ ಐದು ಸಾವಿರದ ನಾನೂರು ಇತ್ತು. ಈಗ ಇನ್ನೂರ ನಲವತ್ತು. ಪಕ್ಕದಲ್ಲಿ ಅತ್ತಿಗೆ ಕೂತವಳಾ?’