ನಾಟಕದ ಹಿಂದೆ ನರಳುವ ದಿಲ್‌ರುಬಾ

ಮನುಷ್ಯನಿಗೆ ಇರಬಹುದಾದ ಚಟಗಳಲ್ಲೆಲ್ಲ ನನ್ನದರಷ್ಟು ನಿರುಪಯೋಗಿಯಾದದ್ದು ಇನ್ನೊಂದಿಲ್ಲವೆಂದು ಈಗ ಒಪ್ಪಿಕೊಂಡುಬಿಡುತ್ತೇನೆ. ಎಲೆ ಅಡಿಕೆಯ ಚಟದವನಿಗೆ ಬಾಯಾದರೂ ಕೆಂಪಗಾಗುತ್ತದೆ. ಇಸ್ಪೀಟಿನವನಿಗೆ ನಾಲ್ಕು ಜನ ಗೆಳೆಯರಾದರೂ ಸಿಗುತ್ತಾರೆ. ನನಗೆ ಅಂಟಿಕೊಂಡಿದ್ದದ್ದು ರೇಡಿಯೋ ನಾಟಕದ ಹಿಂದೆ ಬರುವ ಸಂಗೀತದ ಚಟ. ನಾಟಕದ್ದಲ್ಲ, ಅದರೊಳಗಿನ ಹಾಡಿನದೂ ಅಲ್ಲ. ಒಬ್ಬ ಹೆಣ್ಣುಮಗಳು “ಹಾಗಾದರೆ ಅವರು ಇನ್ನು ಬರುವುದಿಲ್ಲವೇ?” ಎಂದು ಕೇಳಿ, ಯಾರೂ ಉತ್ತರ ಕೊಡದೆ, ಎಲ್ಲಿಂದಲೋ ಒಂದು ದಿಲ್‌ರುಬಾ, ಕಮಾನಿನಿಂದ ಉಜ್ಜಿ ನುಡಿಸುವ ಆ ತಂತಿವಾದ್ಯ, ಸಣ್ಣಗೆ ನರಳಲು ಸುರುಮಾಡುತ್ತದಲ್ಲ, ಆ ಅರ್ಧ ನಿಮಿಷಕ್ಕಾಗಿ ನಾನು ವಾರವಿಡೀ ಕಚೇರಿಯಲ್ಲಿ ಕಾಗದ ಗೀಚುತ್ತ ಕಾಯುತ್ತಿದ್ದೆ. ಸಂತೋಷದ ಪ್ರಸಂಗ ಬಂದು ಜಲತರಂಗ ಟಿಣ್ ಟಿಣ್ ಎಂದರೆ ಎದ್ದು ನೀರು ಕುಡಿಯಲು ಹೋಗುತ್ತಿದ್ದೆ. ಸಾವು, ಸಂಶಯ, ಪಶ್ಚಾತ್ತಾಪ, ಮುಚ್ಚಿದ ಬಾಗಿಲು ಇವು ಬಂದರೆ ಮಾತ್ರ ನನ್ನ ಜೀವಕ್ಕೆ ಸಮಾಧಾನ.

ಇಂಥ ಚಟವನ್ನು ಧಾರವಾಡದಲ್ಲಿ ಇಟ್ಟುಕೊಳ್ಳಬಾರದು. ಅದರಲ್ಲೂ ಮಾಳಮಡ್ಡಿಯಲ್ಲಿ ಇಟ್ಟುಕೊಳ್ಳಲೇಬಾರದು. ನಮ್ಮ ಓಣಿಯಲ್ಲಿ ಇರುವವರು ಎರಡೇ ಬಗೆ, ಹಾಡುವವರು ಮತ್ತು ಹಾಡುವವರ ತಪ್ಪು ಹಿಡಿಯುವವರು. ರಾಗವಿಲ್ಲದ, ತಾಳವಿಲ್ಲದ, ಎಲ್ಲಿ ಸುರುವಾಯಿತು ಎಲ್ಲಿ ಮುಗಿಯಿತು ಎಂಬುದು ತಿಳಿಯದ ಈ ನರಳಾಟವನ್ನು ಅವರು ಸಂಗೀತವೆಂದು ಎಣಿಸುತ್ತಲೇ ಇರಲಿಲ್ಲ. ಓಣಿಗೆಲ್ಲ ನಮ್ಮ ಮನೆಯಲ್ಲೊಂದೇ ರೇಡಿಯೋ. ರವಿವಾರ ಮಧ್ಯಾಹ್ನದ ನಾಟಕಕ್ಕೆ ಹೆಣ್ಣುಮಕ್ಕಳು ಅಕ್ಕಿಯ ಮೊರ ಹಿಡಿದುಕೊಂಡು ನಮ್ಮ ಪಡಸಾಲೆಗೆ ಬರುತ್ತಿದ್ದರು. ಮಾತು ನಡೆದಾಗ ಎಲ್ಲರೂ ಉಸಿರು ಬಿಗಿಹಿಡಿದು ಕೇಳುವರು. ಸಂಗೀತ ಬಂದಕೂಡಲೇ, ಸಾಲೆಯಲ್ಲಿ ಗಂಟೆ ಹೊಡೆದ ಹಾಗೆ, ಎಲ್ಲರಿಗೂ ಬಾಯಿ ಬರುವುದು. “ನಿಮ್ಮನಿ ಹುಳೀ ಇವತ್ತ ಛಲೋ ವಾಸನಿ ಬರಾಕತ್ತಿತ್ತಲ್ರಿ.” “ಹೌದ್ರಿ, ನುಗ್ಗಿಕಾಯಿ ಹಾಕಿದ್ದೆ.” ನನ್ನ ದಿಲ್‌ರುಬಾ ನುಗ್ಗೆಕಾಯಿಯ ಕೆಳಗೆ ಸಿಕ್ಕು ಸಾಯುತ್ತಿತ್ತು.

ಮನೆಯವಳಿಗೂ ಅದು ಸೇರುತ್ತಿರಲಿಲ್ಲ. “ಅಲ್ರಿ, ಸಣ್ಣ ಧ್ವನಿಯೊಳಗ ಹಚ್ರಿ. ಮನ್ಯಾಗ ಏನೋ ಆಗೇದ ಅಂತ ಮಂದಿ ತಿಳಕೋತಾರ” ಎನ್ನುತ್ತಿದ್ದಳು. ಅವಳ ಮಾತು ಒಮ್ಮೆ ಖರೆಯೇ ಆಯಿತು. ಒಂದು ರವಿವಾರ ನಾನು ಒಬ್ಬನೇ ಇದ್ದೆನೆಂದು ಧ್ವನಿ ಏರಿಸಿಕೊಂಡು ಕಣ್ಣುಮುಚ್ಚಿ ಕುಳಿತಿದ್ದೆ. ಹಿಂದಿನ ಓಣಿಯ ನಿವೃತ್ತ ಮಾಸ್ತರರೊಬ್ಬರು ಹೆಗಲ ಮೇಲೆ ಪಂಜೆ ಹಾಕಿಕೊಂಡು, ಚಪ್ಪಲಿಯನ್ನು ದೂರದಲ್ಲೇ ಬಿಟ್ಟು ಬಂದು, ಮೆಲ್ಲಗೆ ನನ್ನ ಬೆನ್ನ ಮೇಲೆ ಕೈಯಿಟ್ಟು, “ಯಾವಾಗ ಆತ್ರಿ?” ಎಂದರು. ಏನೂ ಆಗಿಲ್ಲವೆಂದು ಹೇಳಿದೆ. ಅವರು ಸ್ವಲ್ಪ ಬೇಸರದಿಂದಲೇ ಮನೆಗೆ ಹೋದರು.

ಆ ಸಂಗೀತವನ್ನು ಕಟ್ಟುತ್ತಿದ್ದವರು ಬೇರೆ ಯಾರೂ ಅಲ್ಲ, ನಮ್ಮ ಮನೆಯಿಂದ ಮೂರನೆಯ ಮನೆಯ ವಾಮನರಾಯರು. ರೇಡಿಯೋ ನಿಲಯದಲ್ಲಿ ದಿಲ್‌ರುಬಾ ನುಡಿಸುವ ನೌಕರಿ. ನಲವತ್ತರ ಸುಮಾರಿನ, ನಾಚಿಕೆಯ, ಮಾತಿಗಿಂತ ಕೆಮ್ಮೇ ಹೆಚ್ಚಾದ ಮನುಷ್ಯ. ಅವರ ತಂದೆ ದತ್ತೋಬುವಾ ಹಳೆಯ ಕಾಲದ ಗವಾಯಿಗಳು. ಎಂಟು ವರ್ಷ ಗುರುಗಳ ಮನೆಯಲ್ಲಿ ನೀರು ಹೊತ್ತು ಖ್ಯಾಲ ಕಲಿತವರು. ಮಗ ದೊಡ್ಡ ಬೈಠಕಿನಲ್ಲಿ ಕುಳಿತು ಹಾಡಬೇಕೆಂದು ಅವರ ಆಸೆ. ಮಗನ ಗಂಟಲು ಕೈಕೊಟ್ಟಿತು, ವಾದ್ಯ ಹಿಡಿದ. ಅದನ್ನು ಬುವಾ ಹೇಗೋ ಸಹಿಸಿದರು. ನಾಟಕದ ಹಿಂದೆ ನುಡಿಸುತ್ತಾನೆಂಬುದನ್ನು ಮಾತ್ರ ಸಹಿಸಲಿಲ್ಲ. “ಬಾಗಲಾ ತಗದ್ರ ಒಂದ ಕುಂಯ್, ಹಾಕಿದ್ರ ಒಂದ ಕುಂಯ್. ಇದಕ್ಕ ನಾ ಇವಗ ಸ್ವರಾ ಕಲಿಸಿದ್ನೇನು?” ಎಂದು ಕಟ್ಟೆಯ ಮೇಲೆ ಕುಳಿತು ಹೋಗಿಬರುವವರಿಗೆಲ್ಲ ಹೇಳುತ್ತಿದ್ದರು. ತಂಬೂರಿ ಇರುವ ಮನೆಯಲ್ಲಿ ಆ ಡಬ್ಬಿ ಬೇಡವೆಂದು ರೇಡಿಯೋವನ್ನು ಹೊಸ್ತಿಲು ದಾಟಿಸಿರಲಿಲ್ಲ. ಅವರ ಮುಖ್ಯ ತಕರಾರು ಒಂದೇ. ಸ್ವರ ಎಲ್ಲಿಗೇ ಹೋಗಲಿ, ಕಡೆಗೆ ಷಡ್ಜಕ್ಕೆ, ಅಂದರೆ ಮೊದಲಿನ ಸಾ ಸ್ವರಕ್ಕೆ ಬಂದು ನಿಲ್ಲಬೇಕು. “ಹೊರಗ ಹೋದಾಂವ ಸಂಜೀಗೆ ಮನೀಗೆ ಬರಬೇಕೋ ಬ್ಯಾಡೋ? ನಮ್ಮ ವಾಮ್ಯಾನ ಸ್ವರಾ ಹೋಗ್ತಾವ, ಬರೋದು ಗೊತ್ತಿಲ್ಲ.”

ಹೀಗಾಗಿ ವಾಮನರಾಯರಿಗೆ ಈ ಊರಲ್ಲಿ ಇದ್ದ ರಸಿಕ ನಾನೊಬ್ಬನೇ. ಸೋಮವಾರ ಮುಂಜಾನೆ ನಾನು ಕಚೇರಿಗೆ ಹೊರಟಾಗ ಅವರು ಸೈಕಲ್ಲಿನ ಗಾಳಿ ನೋಡುವ ನೆವಮಾಡಿಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದರು. “ನಿನ್ನೆ ಕೇಳಿದ್ರೇನು?” ಎಂದು ನೆಲ ನೋಡುತ್ತ ಕೇಳುವರು. ನಾನು ಆ ಕೊಲೆಯ ಪ್ರಸಂಗದಿಂದ ಹಿಡಿದು ಈ ಪ್ರೇತದ ಪ್ರಸಂಗದವರೆಗೆ ಬಣ್ಣಿಸುತ್ತಿದ್ದೆ. ಅವರ ಮುಖ ಅರಳುವುದನ್ನು ನೋಡಿ, ಕಲೆಗಾರನನ್ನು ಬದುಕಿಸುವವನು ನಾನೇ ಎಂಬ ಜಂಬ ನನಗೆ ಇತ್ತು, ಸುಳ್ಳು ಯಾಕೆ ಹೇಳಲಿ.

ಆ ವರ್ಷ ಬುವಾ ಅವರ ಕಿವಿ ಹೋಗತೊಡಗಿತು. ಎಡಗಿವಿ ಮೊದಲೇ ಹೋಗಿತ್ತು. ಬಲಗಿವಿಯೂ ದೀಪಾವಳಿಯ ತನಕ ಇದ್ದರೆ ಹೆಚ್ಚು ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿ ಕಳಿಸಿದರು. ವಾಮನರಾಯರು ಒಂದು ದಿನ ನನ್ನೊಡನೆ ಕಚೇರಿಯ ತನಕ ಸೈಕಲ್ಲು ತಳ್ಳಿಕೊಂಡು ಬಂದರು. ಅರ್ಧ ದಾರಿ ಬರೀ ಕೆಮ್ಮು. ಆಮೇಲೆ ಹೇಳಿದರು. “ರಾಯರ, ಅಪ್ಪ ನಂದು ಒಂದs ಒಂದು ಕೇಳಬೇಕ್ರಿ. ಬೈದರೂ ಅಡ್ಡಿಯಿಲ್ಲ. ಕೇಳಿ ಬೈಲಿ.” ಮುಂದಿನ ತಿಂಗಳ ಒಂದು ನಾಟಕಕ್ಕೆ ಅವರು ಜೀವ ತೇಯ್ದು ಸಂಗೀತ ಕಟ್ಟಿದ್ದರು. ಒಬ್ಬ ಮುದುಕ ಪೋಸ್ಟಮಾಸ್ತರನಿಗೆ ತಾನು ಎಷ್ಟೋ ವರ್ಷಗಳ ಹಿಂದೆ ಕೊಡಲು ಮರೆತ ಒಂದು ಪತ್ರ ಸಿಗುತ್ತದೆ. ಹುಡುಕಿಕೊಂಡು ಆ ಮನೆಗೆ ಹೋಗುತ್ತಾನೆ. ಮೂರು ಸಲ ಕೂಗುತ್ತಾನೆ. ಒಳಗೆ ಯಾರೂ ಇಲ್ಲ. ಅಲ್ಲಿಗೆ ಮಾತು ಮುಗಿದು ಒಂದೂವರೆ ನಿಮಿಷ ಬರೀ ಸಂಗೀತ. ಹಿತ್ತಾಳೆಯ ಕೊಳಗದ ಅಂಚಿಗೆ ಕಮಾನು ಉಜ್ಜಿ ಅವರು ಒಂದು ಸದ್ದು ಹೊರಡಿಸಿದ್ದರು. ಬುವಾ ಕ್ಷೌರಕ್ಕೆ ಹೋದಾಗ ನನಗೆ ಅದನ್ನು ಕೇಳಿಸಿದರು. ಹೊಟ್ಟೆಯೊಳಗೆ ತಣ್ಣಗಾಯಿತು. “ಕಡೀಕ ಏನ ಮಾಡೇನಿ ಅನ್ನೋದನ್ನ ಹೇಳೂದಿಲ್ಲರಿ, ಅದನ್ನ ರೇಡಿಯೋದಾಗನ ಕೇಳ್ರಿ” ಎಂದರು. ತಪ್ಪಿದರೆ ಎರಡನೆಯ ಸಲ ಕೇಳುವ ಅವಕಾಶವೇ ಇರಲಿಲ್ಲ. ಟೇಪು ಅಪರೂಪದ ಕಾಲ, ನಾಟಕ ಮುಗಿದ ಮೇಲೆ ಅದನ್ನು ಅಳಿಸಿ ಮೇಲೆ ಬೇರೇನೋ ಹಿಡಿಯುತ್ತಿದ್ದರು.

ಬುವಾ ಅವರನ್ನು ನಮ್ಮ ಮನೆಗೆ ಕರೆತರುವ ಹೊಣೆ ನನ್ನದಾಯಿತು. ಎಂಟು ದಿನ ಅವರ ಕಟ್ಟೆ ಸವೆಸಿದೆ. ಕಡೆಗೆ ಅವರು, “ನೀ ಇಷ್ಟ ಹೇಳ್ತಿ ಅಂತ ಬರ್ತೇನಿ. ಆದರ ಕಡೀಕ ಸಾ ಕ್ಕ ಬರದಿದ್ರ ಎದ್ದ ಬಂದಬಿಡ್ತೇನಿ ನೋಡು” ಎಂದರು. ಎಲ್ಲ ಮುಗಿದ ಮೇಲೆ ಎದ್ದರೆ ಏನು ನಷ್ಟವೆಂದು ನಾನು ಒಪ್ಪಿಕೊಂಡೆ. ಓಣಿಯ ಹೆಣ್ಣುಮಕ್ಕಳಿಗೆ ಆ ರವಿವಾರ ನಾಟಕ ಇಲ್ಲವೆಂದು ಸುಳ್ಳು ಹೇಳಿದೆ. ಮನೆಯವಳನ್ನು ಹಿತ್ತಿಲಿಗೆ ಹಪ್ಪಳ ಕಾಯಲು ಕಳಿಸಿದೆ. ಗೋಡೆಯ ಗಡಿಯಾರವನ್ನೂ ನಿಲ್ಲಿಸಿದೆ. ಬುವಾ ರುಮಾಲು ಸುತ್ತಿಕೊಂಡು ಬಂದು, ರೇಡಿಯೋದ ಎದುರಿಗೆ ಪೂಜೆಗೆ ಕುಳಿತವರಂತೆ ಮಣೆಯ ಮೇಲೆ ಕುಳಿತರು. ತಂದೆಯ ಮುಖ ನೋಡುವ ಧೈರ್ಯವಿಲ್ಲದೆ ವಾಮನರಾಯರು ಕೆಲಗೇರಿ ಕೆರೆಯ ಕಡೆಗೆ ಹೋಗಿದ್ದರು. ಏನಾದರೂ ತಿಳಿಯದಿದ್ದರೆ ಹೇಳಲು ಅನುಕೂಲವೆಂದು ನಾನು ಬುವಾ ಅವರ ಬಲಗಡೆಗೆ, ಆ ಇದ್ದೊಂದು ಕಿವಿಯ ಪಕ್ಕಕ್ಕೆ ಕುಳಿತೆ.

ಇಲ್ಲಿ ನಮ್ಮ ಊರಿನ ಒಂದು ರೂಢಿಯನ್ನು ಹೇಳಬೇಕು. ನಮ್ಮಲ್ಲಿ ಸಂಗೀತ ಕೇಳುವುದೆಂದರೆ ಬಾಯಿಮುಚ್ಚಿಕೊಂಡು ಕೇಳುವುದಲ್ಲ. ಗವಾಯಿ ಒಳ್ಳೆಯದೊಂದು ಜಾಗ ತೆಗೆದರೆ ಎದುರಿಗೆ ಕುಳಿತವನು “ಆಹಾ, ಕ್ಯಾ ಬಾತ್ ಹೈ” ಎಂದು ದಾದು ಕೊಡಬೇಕು. ಕೊಡದವನು ಒಂದೋ ಕಿವುಡ, ಇಲ್ಲವೇ ಹೊಟ್ಟೆಕಿಚ್ಚಿನವನು. ಹುಟ್ಟಿದಾಗಿನಿಂದ ಬೈಠಕುಗಳಲ್ಲಿ ಕುಳಿತು ಈ ಅಭ್ಯಾಸ ನನ್ನ ರಕ್ತಕ್ಕೆ ಇಳಿದಿತ್ತು. ಅಷ್ಟು ದಿನ ನಾಟಕದ ಸಂಗೀತಕ್ಕೆ ದಾದು ಕೊಡಲು ನುಗ್ಗೆಕಾಯಿಯವರು ಎಡೆಯನ್ನೇ ಕೊಟ್ಟಿರಲಿಲ್ಲ. ಆ ದಿನ ಪಡಸಾಲೆಯಲ್ಲಿ ಗುಂಡುಸೂಜಿ ಬಿದ್ದರೂ ಕೇಳುವಂತಿತ್ತು. ಮುದುಕ ಮೂರನೆಯ ಸಲ ಕೂಗಿದ. ಕೊಳಗದ ಆ ಸದ್ದು ನೆಲದಿಂದ ಏಳುವಂತೆ ಎದ್ದಿತು. ಅದರ ಮೇಲೆ ದಿಲ್‌ರುಬಾ, ಮಂದ್ರದಲ್ಲಿ, ಒಂದೊಂದೇ ಸ್ವರ. ಬುವಾ ಮುಂದಕ್ಕೆ ಬಾಗಿದರು. ಅವರ ಕೈಬೆರಳು ಮಂಡಿಯ ಮೇಲೆ ಸಣ್ಣಗೆ ಅಲ್ಲಾಡಿತು. ಅದನ್ನು ಕಂಡು ನನಗೆ ತಡೆಯಲಾಗಲಿಲ್ಲ. “ಆಹಾ” ಎಂದೆ. ದಿಲ್‌ರುಬಾ ಕೋಮಲ ರಿಷಭಕ್ಕೆ ಬಂದು, ಸಾ ಸ್ವರದ ಬಾಗಿಲಲ್ಲಿ, ನಡುಗುತ್ತ ನಿಂತಿತು. “ಬುವಾ, ಈಗ ಕೇಳ್ರಿ, ಈಗ ಕೇಳ್ರಿ, ಇಲ್ಲೇ ಅದ ಮಜಾ, ಕ್ಯಾ ಬಾತ್ ಹೈ, ಕ್ಯಾ ಬಾತ್ ಹೈ” ಎಂದು ಅವರ ಆ ಒಂದೇ ಕಿವಿಯಲ್ಲಿ ಕೂಗಿ, ತೊಡೆ ತಟ್ಟಿ, ಕಣ್ಣೀರು ಒರೆಸಿಕೊಂಡು ನೋಡುತ್ತೇನೆ, ರೇಡಿಯೋದಲ್ಲಿ ಒಬ್ಬಾಕೆ ಪಾತ್ರಧಾರಿಗಳ ಹೆಸರು ಓದುತ್ತಿದ್ದಾಳೆ.

ಬುವಾ ನನ್ನ ಕಡೆಗೆ ತಿರುಗಿ, “ಕಡೀಕ ಸಾ ಕ್ಕ ಬಂದ್ನೋ ಇಲ್ಲೋ? ನಿನ್ನ ಗದ್ದಲದಾಗ ನನಗ ಕೇಳಲಿಲ್ಲ” ಎಂದರು. ನನಗೂ ಕೇಳಿರಲಿಲ್ಲ. ಹಾಗೆಂದರೆ ಅವರು ಮಗನನ್ನು ಬೈಯುತ್ತ ಎದ್ದು ಹೋಗಿಬಿಟ್ಟಾರೆಂಬ ಹೆದರಿಕೆ. “ಬಂದ್ರಲ್ರಿ ಬುವಾ. ಎಷ್ಟ ಛಂದ ಬಂದ್ರು” ಎಂದೆ. ಅವರು ತಲೆ ಅಲ್ಲಾಡಿಸಿದರು. “ಹಂಗಾದ್ರ ಛಲೋ ಮಾಡ್ಯಾನ. ಕೆಟ್ಟಿಲ್ಲ ಹುಡುಗಾ” ಎಂದು, ರುಮಾಲು ಸರಿಮಾಡಿಕೊಂಡು, ಗೋಡೆ ಹಿಡಿದು ಮನೆಗೆ ಹೋದರು.

ವಾಮನರಾಯರು ಸಂಜೆಗೆ ಬಂದವರು ತಮ್ಮ ಮನೆಗೆ ಹೋಗದೆ ನಮ್ಮ ಬಾಗಿಲಿಗೆ ಬಂದರು. “ಏನಂದ್ರು?” ಎಂದರು. ಛಲೋ ಮಾಡ್ಯಾನ ಅಂದರೆಂದು ಹೇಳಿದೆ. ಅವರು ನಮ್ಮ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಕೆಮ್ಮಲೂ ಇಲ್ಲ. “ಖರೇನಾ? ಸಾ ಬಿಟ್ಟದ್ದಕ್ಕ ಬೈಲಿಲ್ಲಾ?” ಎಂದರು.

“ಬಿಟ್ಟದ್ದಕ್ಕ ಅಂದ್ರ?”

“ನಾ ಸಾ ಬಾರಿಸೇ ಇಲ್ಲಲ್ರಿ. ರಿಷಭದ ಮ್ಯಾಲೆ ಕಮಾನು ಎತ್ತಿ ಸುಮ್ಮನಾಗೇನಿ. ಪತ್ರಾ ಮುಟ್ಟಲಿಲ್ಲ, ಸ್ವರಾನೂ ಮುಟ್ಟಬಾರದು. ಆಮ್ಯಾಲಿನ ಆ ಸುಮ್ಮನಿರೋದನ್ನ ಕೇಳಲಿ ಅಂತನs ಇಷ್ಟೆಲ್ಲಾ ಕಟ್ಟಿದ್ದು. ನೀವು ಕೇಳಿದ್ರಲ್ಲಾ?”

ನಾನು ಆಗಲಾದರೂ ಸುಳ್ಳು ಹೇಳಬಹುದಿತ್ತು. ಯಾಕೋ ಆಗಲಿಲ್ಲ. ನಡೆದದ್ದನ್ನೆಲ್ಲ ಹೇಳಿದೆ. “ಈಗಲೇ ಹೋಗಿ ಬುವಾ ಅವರಿಗೆ ಖರೇ ಹೇಳ್ಲೇನು?” ಎಂದೂ ಕೇಳಿದೆ. ಅವರು ತಮ್ಮ ಮನೆಯ ಕಡೆಗೆ ನೋಡಿದರು. ಬುವಾ ಕಟ್ಟೆಯ ಮೇಲೆ ಕುಳಿತು ಯಾರಿಗೋ ಏನೋ ಹೇಳುತ್ತ ನಗುತ್ತಿದ್ದರು. “ಬ್ಯಾಡ್ರಿ” ಎಂದರು ವಾಮನರಾಯರು. “ನಲವತ್ತು ವರ್ಷದಾಗ ಮೊದಲನೇ ಸಲ ಛಲೋ ಅಂದಾರ. ಇರ್ಲಿ.”

ದೀಪಾವಳಿಗೆ ಮುಂಚೆಯೇ ಬುವಾ ಅವರ ಬಲಗಿವಿಯೂ ಹೋಯಿತು. ಈಗ ಅವರಿಗೆ ಗುಡುಗೂ ಕೇಳುವುದಿಲ್ಲ. ಆದರೆ ಆ ರವಿವಾರದಿಂದ ಇತ್ತ ವಾಮನರಾಯರ ಸಂಗೀತದಲ್ಲಿ ಒಂದು ಬದಲಾವಣೆಯಾಗಿದೆ. ನಾಟಕದಲ್ಲಿ ಕೊಲೆಯಾಗಲಿ, ಬಾವಿಗೆ ಬೀಳಲಿ, ಮನೆತನ ನಾಶವಾಗಲಿ, ಕಡೆಗೆ ಅವರ ದಿಲ್‌ರುಬಾ ಮೆಲ್ಲಗೆ ಇಳಿದು ಬಂದು ಸಾ ಸ್ವರದ ಮೇಲೆ ಕೂಡ್ರುತ್ತದೆ. ಶುದ್ಧವಾಗಿ, ಸ್ಪಷ್ಟವಾಗಿ, ಕಿವುಡನಿಗೂ ಕೇಳಲಿ ಎಂಬಂತೆ. ಕತ್ತಲೆ ಹೋಗಿಬಿಟ್ಟಿದೆ. ನನ್ನ ಹೊಟ್ಟೆಯೊಳಗೆ ಈಗ ತಣ್ಣಗಾಗುವುದಿಲ್ಲ. ಮನೆಯವಳಿಗೆ ಮಾತ್ರ ಅದು ಬಹಳ ಹಿಡಿಸಿದೆ, ಧ್ವನಿ ಏರಿಸಿರೆಂದು ಅವಳೇ ಹೇಳುತ್ತಾಳೆ. ಓಣಿಯ ಹೆಣ್ಣುಮಕ್ಕಳೂ ಮೊರ ಬದಿಗಿಟ್ಟು ಕೇಳುತ್ತಾರೆ. ನಾನು ಸೋಮವಾರ ಮುಂಜಾನೆ ಹಿಂದಿನ ಓಣಿಯಿಂದ ಸುತ್ತುಹಾಕಿ ಕಚೇರಿಗೆ ಹೋಗುತ್ತೇನೆ. ಮೊನ್ನೆ ಅಲ್ಲಿ ಆ ನಿವೃತ್ತ ಮಾಸ್ತರರು ಸಿಕ್ಕು, ಕೈಹಿಡಿದು ನಿಲ್ಲಿಸಿ, “ವಾಮನರಾವ್ ಈಗ ಎಷ್ಟ ಛಲೋ ಬಾರಸ್ತಾರ್ರಿ. ನಿಮ್ಮಂಥಾ ತಿಳಿದ ರಸಿಕರು ಬೆನ್ನಿಗಿದ್ದದ್ದಕ್ಕs ಅವರು ಸುಧಾರಿಸಿದ್ರು” ಎಂದರು. ಹೌದ್ರಿ ಎಂದೆ.